ಮೂವತ್ತನೆಯ ರೀಡಿಂಗ್

1984ರ ಜೂನ್, ಬೆಳಿಗ್ಗೆ 9.40. ಉರಿಗಾಂನ ಗಣಿಯಲ್ಲಿ, ನೆಲದಿಂದ ಮೂರು ಸಾವಿರ ಅಡಿ ಕೆಳಗೆ, ಎಲೆಕ್ಟ್ರಿಷಿಯನ್ ಕೋದಂಡಪ್ಪನ ಮೀಟರ್ ಹನ್ನೆರಡು ಮಿಲಿಓಮ್ ತೋರಿಸಿತು. ಫೋನಿನ ಪ್ಲಗ್ಗು ಕೂಡುವಲ್ಲಿ ಕರೆಂಟಿಗೆ ಇರುವ ತಡೆ ಅದು. ಸತತ ಮೂವತ್ತು ದಿನ ಇಪ್ಪತ್ತರೊಳಗಿದ್ದರೆ ಪ್ಲಗ್ಗನ್ನು ನಂಬಬಹುದು. ಆಮೇಲೆ ತಿಂಗಳಿಗೊಂದು ಪರೀಕ್ಷೆ ಸಾಕು. ಒಂದು ದಿನ ಮೀರಿದರೂ ಎಣಿಕೆ ಮೊದಲಿನಿಂದ. ಇದು ಮೂವತ್ತನೆಯ ದಿನ.

ಅವನು ಮೇಲಕ್ಕೆ ಫೋನ್ ಮಾಡಿದ. ರೀಡಿಂಗ್ ಬರೆದುಕೊಳ್ಳುವವಳು ಟೆಲಿಫೋನ್ ಎಕ್ಸ್‌ಚೇಂಜಿನ ಅನಸೂಯ. ಅವಳ ಮುಖವನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ದಿನಕ್ಕೊಂದು ಸಲ ಆ ದನಿ ಕೇಳುವುದಕ್ಕೇ ಕಾಯುತ್ತಿದ್ದ.

“ಏನ್ರೀ ಕೋದಂಡಪ್ಪ, ಅಲ್ಲೇ ಮಲ್ಕಂಡ್ರಾ? ಎಷ್ಟು ಬಂತು ಅಂತ ಏಳ್ರಿ.”

ಇಪ್ಪತ್ತು ಮೀರಿದ ಸುಳ್ಳು ಸಂಖ್ಯೆಯೊಂದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

“ಅನ್ನೆರಡು, ಮೇಡಂ.”



“ಲೈನು ಗೊರಗೊರ ಅಂತದೆ ಕಣ್ರೀ. ಇಪ್ಪತ್ತೆರಡು ಅಂತ ಬರ್ಕೊಂಡಿದೀನಿ.”

ಲೈನಿನಲ್ಲಿ ಯಾವ ಗೊರಗೊರವೂ ಇರಲಿಲ್ಲ. ಅವಳ ಬಳೆ ಮೇಜಿಗೆ ತಾಗಿದ್ದೂ ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಮರುದಿನ 9.40ಕ್ಕೆ ಕೋದಂಡಪ್ಪ ಮತ್ತೆ ಒಂದನೆಯ ದಿನದ ರೀಡಿಂಗ್ ಹೇಳಿದ.