ಮೂರನೆಯ ಏರು

"ಕೈ ತೋರಿಸಿ ಮಾವ."

ಮುದುಕ ಫಿಟ್ಟರ್ ರೈಲು ಎಂಜಿನ್ನಿನ ಅಡಿಯಿಂದ ತೆವಳಿ ಬಂದು ಎರಡೂ ಅಂಗೈ ಚಾಚಿದ. ಕಾರ್ಖಾನೆಯ ಮೇಲ್ವಿಚಾರಕನಾದ ಅಳಿಯ ಬಗ್ಗಿ ಮೂಸಿದ. ಡೀಸೆಲ್.

"ಕರೆಂಟಿನ ಎಂಜಿನ್ನಿಗೆ ಡೀಸೆಲ್ ಯಾಕೆ?"

"ಜಿಡ್ಡು ತೊಳೆಯೋಕೆ. ನಲವತ್ತು ವರ್ಷದಿಂದ ಅದರಲ್ಲೇ ತೊಳೀತಿದೀನಿ. ನಿಮ್ಮ ಮದುವೆ ದಿನಾನೂ ಇದೇ ವಾಸನೆ ಇತ್ತು ಅಳಿಯಂದ್ರೇ, ಆಗ ನೀವು ಮೂಗು ಮುಚ್ಕೊಳ್ಳಲಿಲ್ಲ."

ಅಳಿಯ ನಗಲಿಲ್ಲ. ನಗುವಷ್ಟು ತ್ರಾಣ ಉಳಿದಿರಲಿಲ್ಲ. ಆ ಎಂಜಿನ್ ಮೊದಲು ಮಾವನೇ ಮುಂದೆ ನಿಂತು ಕಟ್ಟಿದ ಡೀಸೆಲ್ ಮಾದರಿ. ಮೇಲಿನವರ ಆಜ್ಞೆಯಂತೆ ಅದನ್ನೀಗ ತಲೆಯ ಮೇಲಿನ ತಂತಿಯಿಂದ ಕರೆಂಟು ಪಡೆದು ಓಡುವ ಪ್ರಯೋಗದ ಎಂಜಿನ್ನಾಗಿ ಮಾರ್ಪಡಿಸಿದ್ದರು. ಹಳೆಯ ಡೀಸೆಲ್ ಯಂತ್ರವನ್ನು ಇಳಿಸಿದರೆ ಮೈ ಹಗುರವಾಗಿ ಚಕ್ರ ಜಾರುತ್ತದೆಂದು, ತೂಕಕ್ಕಾಗಿ ಅದನ್ನು ಹೊಟ್ಟೆಯೊಳಗೇ ಬಿಟ್ಟಿದ್ದರು. ಸರಕು ಎಳೆದು ಗುಡ್ಡದ ಏರು ಹತ್ತುವ ಹಿಂದಿನ ಎರಡು ಪರೀಕ್ಷೆಗಳಲ್ಲೂ ಅದು ಅರ್ಧದಲ್ಲೇ ನಿಂತುಬಿಟ್ಟಿತ್ತು. ಇವತ್ತೂ ನಿಂತರೆ ಕಾರ್ಖಾನೆಗೆ ಬೀಗ. ಅರವತ್ತು ಮನೆಗಳ ಒಲೆ ಆರುತ್ತದೆ.

"ನಿಜ ಹೇಳಿ. ಹಳೇದರ ಮೇಲಿನ ಮೋಹಕ್ಕೆ ಹೊಸದಕ್ಕೆ ಕಲ್ಲು ಹಾಕ್ತಿದೀರಾ?"

"ಕಲ್ಲು ಎತ್ತೋ ವಯಸ್ಸಾ ನಂದು? ಮಂಡಿ ಎತ್ತೋದೇ ಕಷ್ಟ." ಮುದುಕ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದ. "ಇವತ್ತು ಏರು ಹತ್ತುತ್ತೆ. ನೀವು ಸಾಹೇಬರ ಪಕ್ಕ ನಿಂತು ಮಾತಾಡಿಸ್ತಾ ಇರಿ, ಸಾಕು."

ಅದನ್ನು ನಡೆಸಬಲ್ಲವರು ಬೇರೆ ಯಾರೂ ಇರಲಿಲ್ಲ. ಅಳಿಯ ಹಲ್ಲು ಕಚ್ಚಿಕೊಂಡು ಹಸಿರು ಬಾವುಟ ಬೀಸಿದ.

ಪಕ್ಕದ ಹಳಿಯಲ್ಲಿ ಎರಡು ಉಗಿಬಂಡಿಗಳು ಹೊಗೆ ಕಾರುತ್ತಿದ್ದವು. ಆ ಗದ್ದಲದ ನಡುವೆ, ಸರಕು ತುಂಬಿದ ಹನ್ನೆರಡು ವ್ಯಾಗನ್ನುಗಳು ಅಲುಗಿದವು, ಉರುಳಿದವು, ಅರ್ಧ ಏರು ದಾಟಿದವು. ಎಂಜಿನ್ ತುದಿ ಮುಟ್ಟಿತು.

"ಕರೆಂಟಿಗೂ ಇಷ್ಟು ಸದ್ದಾ?" ಎಂದರು ಪರೀಕ್ಷೆಗೆ ಬಂದಿದ್ದ ಸಾಹೇಬರು. ಕಚೇರಿಯ ಮನುಷ್ಯ, ಜನ್ಮದಲ್ಲಿ ಕರೆಂಟಿನ ಎಂಜಿನ್ ಕಂಡವರಲ್ಲ.

"ಹೊಸದಲ್ವಾ ಸಾರ್, ಸ್ವಲ್ಪ ರಂಪ ಮಾಡುತ್ತೆ."

ಸಾಹೇಬರು ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿ ಕಾರು ಹತ್ತಿ ಹೋದರು. ಅಳಿಯ ತನ್ನ ಕೋಣೆಗೆ ಬಂದು ಕುರ್ಚಿಯಲ್ಲಿ ಕುಳಿತ. ಮಾವನ ಹತ್ತಿರ ತಪ್ಪಾಯಿತೆನ್ನಬೇಕು ಎಂದುಕೊಳ್ಳುತ್ತಿರುವಾಗ ಫೋನ್ ಬಡಿದುಕೊಂಡಿತು. ವಿದ್ಯುತ್ ಕೇಂದ್ರದವನು.

"ಬೇಜಾರು ಮಾಡ್ಕೋಬೇಡಿ ಸಾರ್, ಹೋದ ಎರಡು ಸಲ ನಡುವೆ ಕರೆಂಟು ಹೋದ ಹಾಗೇ ಇವತ್ತೂ ನಮ್ಮ ಕಡೆಯೇ ಕೆಟ್ಟಿತ್ತು, ಬೆಳಗ್ಗೆಯಿಂದ ನಿಮ್ಮ ತಂತಿಗೆ ಕರೆಂಟೇ ಕೊಟ್ಟಿಲ್ಲ. ಈಗ ಕೊಡ್ತೀವಿ, ಎಂಜಿನ್ ಹೊರಡಿಸಿ."