ಗಮಕ ಬಲ್ಲವರು

ಮೊದಲ ಸಾಲಿನಲ್ಲೇ ಉಮಾಳ ದನಿ ನಡುಗಿಬಿಟ್ಟಿತು. ಹೆಣ್ಣು ನೋಡಲು ಬಂದಿದ್ದ ಗಂಡಿನ ತಂದೆ ಚಿಕ್ಕಸ್ವಾಮಿ "ಊಂ, ಒಂದ್ ಪದ ಅನ್ನು" ಎಂದು ಗದರಿದ್ದೇ ತಡ, ಅವಳು ಹೆದರಿಹೋಗಿ, ದೇವರನಾಮ ಕಲ್ಲುದಾರಿಯ ಗಾಡಿಯಂತೆ ಕುಲುಕಾಡುತ್ತ ಕೊನೆ ಮುಟ್ಟಿತು. ನಾಚಿಕೆಯಿಂದ ಅವಳು ತಲೆ ಎತ್ತಲಿಲ್ಲ.

ಚಿಕ್ಕಸ್ವಾಮಿ ಮಾತ್ರ ಕೇಸರಿಬಾತಿನ ತಟ್ಟೆ ಕೆಳಗಿಟ್ಟು ತೊಡೆ ತಟ್ಟಿದ. ಕೆ.ಆರ್. ಪೇಟೆ ಸೀಮೆಯ ನಾಟಕಗಳಲ್ಲಿ ದುರ್ಯೋಧನನ ಪಾರ್ಟು ಮಾಡಿದ ಮೇಲೆ, ಸಂಗೀತದಲ್ಲಿ ತನಗೆ ತಿಳಿಯದ್ದು ಏನೂ ಉಳಿದಿಲ್ಲವೆಂದು ನಂಬಿದ್ದ ಮನುಷ್ಯ.

"ಅಬ್ಬಬ್ಬಾ, ಏನ್ ಗಮಕ ಬೀಗ್ರೇ! ಸ್ವರಾನ ಎಂಗ್ ಅಲ್ಲಾಡ್ಸ್ತಾಳೆ! ಇಂಥ ಸೊಸೇನೇ ಬೇಕಾಗಿತ್ತು ನಮ್ಮನೆಗೆ." ಗೂಡಿನಲ್ಲಿದ್ದ ಟೇಪ್ ರೆಕಾರ್ಡರ್ ಕಡೆ ಮಗನಿಗೆ ಕೈ ತೋರಿದ. "ರವೀಂದ್ರ, ಅದ್ರಲ್ಲಿ ಇಡ್ಕೊಳ್ಲಾ. ಇನ್ನೊಂದ್ಸಲ ಅನ್ಲಿ. ಮನೇಲಿ ನಿಮ್ಮವ್ವಾನೂ ಕೇಳ್ಲಿ."

ಬೀಗರು ಎನ್ನಿಸಿಕೊಂಡ ಉಮಾಳ ತಂದೆ ನಾಗರಾಜುವಿಗೆ ಮದುವೆಯೇ ಮುಗಿದಷ್ಟು ಹಿಗ್ಗು. ಉಮಾಳಿಗೂ ಆಸೆಯಿಲ್ಲದೆ ಇರಲಿಲ್ಲ. ಟೇಪಿನ ಗುಂಡಿ ಒತ್ತುತ್ತ ರವೀಂದ್ರ ನಕ್ಕ ನಗು ಹಿಡಿಸಿತ್ತು. ಆದರೆ ಪಾಂಡವಪುರದ ಹಾರ್ಮೋನಿಯಂ ಮೇಷ್ಟ್ರು ನರಸಯ್ಯ ವರ್ಷಗಟ್ಟಲೆ ಬೈದು ತಿದ್ದಿದ ಗಂಟಲು ಅದು. "ಗಮಕ ಅಂದ್ರೆ ನೀನು ಸ್ವರಾನ ಆಡ್ಸೋದು ಕಣವ್ವ. ನಡುಕ ಅಂದ್ರೆ ಅದು ನಿನ್ನ ಆಡ್ಸೋದು" ಎನ್ನುತ್ತಿದ್ದರು. ಆ ನಡುಕವೇ ಟೇಪಿನಲ್ಲಿ ತನ್ನ ಹಾಡಾಗಿ ಉಳಿದುಬಿಟ್ಟರೆ ಎಂದು ಅವಳಿಗೆ ಸಂಕಟವಾಯಿತು.

ಉಮಾ ಉಸಿರೆಳೆದುಕೊಂಡು ಷಡ್ಜ ಹಿಡಿದಳು. ದನಿ ಇಟ್ಟಲ್ಲೇ ನಿಂತಿತು. ಬೇಕಾದ ಕಡೆ ಮಾತ್ರ ಸ್ವರವನ್ನು ಹದವಾಗಿ ತೂಗಿ, ಮತ್ತೆ ತಂದು ನಿಲ್ಲಿಸಿದಳು. ಚಿಕ್ಕಸ್ವಾಮಿಯ ಮುಖ ಸಪ್ಪಗಾಯಿತು.

"ಮೊದಲ್ನಂಗೆ ಅಲ್ಲಾಡ್ಸು ಮಗಾ," ಸಾಲುಗಳ ನಡುವೆ ನಾಗರಾಜು ಬಾಗಿ ಪಿಸುಗುಟ್ಟಿದ. "ನಿನ್ ದಮ್ಮಯ್ಯ."

ಅಲ್ಲಾಡಿಸುವುದೇನೂ ಅವಳಿಗೆ ಕಷ್ಟವಿರಲಿಲ್ಲ. ಒಮ್ಮೆ ರವೀಂದ್ರನ ಕಡೆ ನೋಡಿದಳು. ಅವನು ಅಪ್ಪನ ಮುಖ ನೋಡುತ್ತಿದ್ದ. ಉಮಾ ಕಣ್ಣು ಮುಚ್ಚಿ, ಕೊನೆಯ ಸಾಲನ್ನು ಕೂದಲೆಳೆಯಷ್ಟೂ ಅಲುಗದಂತೆ ಹಾಡಿ ಮುಗಿಸಿದಳು.

ಚಿಕ್ಕಸ್ವಾಮಿ ತಾನೇ ಕೈ ಚಾಚಿ ಟೇಪು ನಿಲ್ಲಿಸಿದ. ಟವೆಲು ಹೆಗಲಿಗೇರಿಸಿ ಎದ್ದ.

"ಪದವೇನೋ ಚೆಂದಾಗೈತೆ ನಾಗರಾಜಪ್ಪಾ. ಆದ್ರೂ ಎಣ್ಣಿನ ದನಿ ಅಂದ್ಮೇಲೆ ಒಸಿನಾದ್ರೂ ಎದ್ರಿಕೆ ಇರ್ಬ್ಯಾಡ್ವಾ?"