ಉಷ್ಣಕ್ಕೆ ಬಂದ ರಕ್ತ

ಈರುಳ್ಳಿಯ ಘಾಟು ಮೂಗಿಗೆ ಬಡಿದರೆ ನನಗೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ. ಕೆಂಗೇರಿ ಆಗ ಇನ್ನೂ ಹಳ್ಳಿ. ಅಮ್ಮನ ಮೂಗಿನಿಂದ ರಕ್ತ ಸೋರಿ ಸೆರಗು ತೊಯ್ದಿತ್ತು. “ಉಷ್ಣಕ್ಕೆ ಬಂತು ಕಣೇ,” ಎಂದಳು ನನಗೆ. ಅಪ್ಪ ಬಾಗಿಲಲ್ಲಿ ನಿಂತಿದ್ದ.

ಈರುಳ್ಳಿ ಹೆಚ್ಚುತ್ತಿದ್ದ ಅಜ್ಜಿ, ಅಪ್ಪನ ತಾಯಿ, ಎದ್ದು ಬಂದು ಅದೇ ಕೈಯಲ್ಲಿ ಅಮ್ಮನ ಮೂಗಿನ ಮೆತ್ತನೆ ಭಾಗವನ್ನು ಅದುಮಿ ಹಿಡಿದಳು. “ಮುಂದಕ್ಕೆ ಬಗ್ಗವ್ವ, ರಕ್ತ ನುಂಗಬ್ಯಾಡ.” ಆಮೇಲೆ ಅಪ್ಪನತ್ತ ತಿರುಗಿದಳು. “ಮೂಗಿನೊಳಗಿನ ನರ ಭಾಳ ಎಳೇದು ಕಣ್ಲಾ. ಕೂಸು ಬೆರಳಿಟ್ರೂ ಒಡೀತದೆ. ಅದಕ್ಕೆ ನಿನ್ನಂಥ ಗಂಡಸು ಬೇಕಾ? ನನ್ ಕೈ ಬಿಡುವಿಲ್ಲ. ಕೂತ್ಕೊಂಡು ಆ ಈರುಳ್ಳಿ ಹೆಚ್ಚು.”

ಊರ ಮುಂದೆ ಮೀಸೆ ತಿರುವುತ್ತಿದ್ದ ಅಪ್ಪ ಈಳಿಗೆಮಣೆಯ ಮೇಲೆ ಕೂತು, ಕಣ್ಣೊರೆಸಿಕೊಳ್ಳುತ್ತಲೇ ಹೆಚ್ಚಿದ.

ಆಮೇಲೆ ಎಂಥೆಂಥ ಬೇಸಿಗೆಗಳೋ ಬಂದುಹೋದವು. ಅಮ್ಮನ ಮೂಗಿನಿಂದ ಮತ್ತೆ ಒಂದು ಹನಿ ರಕ್ತ ಬೀಳಲಿಲ್ಲ.